ಪದಚರ್ಚೆ: ತೋಟಾ ‘ಬಾಳಿಕೆ ಬರುವುದು’, ತೋಟಾ ‘ಚಲಾವಣೆಯಲ್ಲಿ ಉಳಿಯುವುದು’

ಬಳ್ಳಾರಿಯಿಂದ:

ಗುರುಗಳಿಗೆ ನಮಸ್ಕಾರ. ಅಮೆರಿಕದ ಬೇಟೆ ರೈಫಲ್ಲುಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮ ಕಡೆ ಶಿಕಾರಿ ನಿಂತಿತು. ಅದರ ಜೊತೆಗೇ ಶಿಕಾರಿಯ ಮಾತುಗಳಿಗೂ ತುಕ್ಕು ಹಿಡಿದಿದೆ. ಲೇಖನದ ಪ್ರಶ್ನೆ ಇಷ್ಟು: 6.5 ಕ್ರೀಡ್‌ಮೂರ್, 7 ಎಂಎಂ ಪಿಆರ್‌ಸಿ, 6.8 ವೆಸ್ಟರ್ನ್‌ನಂಥ ಹೊಸ ಕಾರ್ಟ್ರಿಜ್ ನಮೂನೆಗಳು .30-06, .270, .308ರಂಥ ಹಳಬರ ಎದುರು ಉಳಿಯುತ್ತವೆಯೆ? ಸದ್ಯಕ್ಕೆ ಹೀಗೆ ಬರೆದುಕೊಂಡಿದ್ದೇನೆ: ‘ಹೊಸ ಗುಂಡುಗಳು ಹಳೆಯ ಗುಂಡುಗಳಷ್ಟು ಬಾಳಿಕೆ ಬರುತ್ತವೆಯೆ?’ ಓದಿದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಗುಂಡು, ತೋಟಾ, ಕಾಡತೂಸು ಇವುಗಳಲ್ಲಿ ಯಾವುದು ಸರಿ? ‘ಬಾಳಿಕೆ’ ಇಲ್ಲಿ ಒಪ್ಪುತ್ತದೆಯೆ?

ರಾಯಚೂರಿನಿಂದ:

ತಮ್ಮಾ, ಆ ವಾಕ್ಯದಲ್ಲಿ ಎಡವಿರುವುದು ಎರಡು ಕಡೆ. ಮೊದಲು ಗುಂಡು.

ನಳಿಗೆಯಿಂದ ಹೊರಗೆ ಹೋಗುವುದು ಮಾತ್ರ ಗುಂಡು. ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಿಗೆ ಗುಂಡು, ಈ ನಾಲ್ಕೂ ಸೇರಿದ್ದು ತೋಟಾ. ಪತ್ರಿಕೆಗಳಲ್ಲಿ ‘ಐದು ಜೀವಂತ ಗುಂಡು ವಶ’ ಎಂದು ಬರುತ್ತದಲ್ಲ, ಪೊಲೀಸರು ವಶಪಡಿಸಿಕೊಂಡಿರುವುದು ಹಾರದೆ ಉಳಿದ ಐದು ತೋಟಾ. ವರದಿಯಲ್ಲಿ ಅದು ನಡೆದುಹೋಗುತ್ತದೆ, ನಿಮ್ಮ ಲೇಖನದಲ್ಲಿ ನಡೆಯುವುದಿಲ್ಲ. ಯಾಕೆಂದರೆ 1890ರ ದಶಕದ ಸ್ವೀಡನ್ನಿನ 6.5×55 ತೋಟಾಕ್ಕೂ 2007ರ 6.5 ಕ್ರೀಡ್‌ಮೂರ್‌ಗೂ ಹಾಕುವುದು ಒಂದೇ ಅಳತೆಯ ಗುಂಡು, .264 ಇಂಚಿನದು. ಹೊಸದಾಗಿರುವುದು ಕೊಳವೆಯ ಆಕಾರ, ಮದ್ದಿನ ಜಾಗ, ಚೇಂಬರಿನ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗದ) ಅಳತೆ. ‘ಹೊಸ ಗುಂಡು, ಹಳೆ ಗುಂಡು’ ಎಂದು ಬರೆದರೆ ಪ್ರಶ್ನೆಯ ಬುಡವೇ ಕಳಚಿಬೀಳುತ್ತದೆ.

ಕಾಡತೂಸು, ತೋಟಾ ಎರಡೂ ಸರಿಯಾದ ಮಾತುಗಳೇ. ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು, ಕೊಪ್ಪಳದ ಕಡೆ ಕಿವಿಗೆ ಹತ್ತಿರವಾದದ್ದು ಉರ್ದುವಿನ ಕಾರ್ತೂಸ್. ಕಾಡತೂಸಿಗೂ ಕಾಡಿಗೂ ಸಂಬಂಧವಿಲ್ಲ, ಅದು ಯುರೋಪಿನವರ ಜೊತೆ ಹಡಗಿನಲ್ಲಿ ಬಂದ ಮಾತು. 1953ರವರೆಗೆ ಮದ್ರಾಸಿಗೆ ಸೇರಿದ್ದ ನಿಮ್ಮ ಬಳ್ಳಾರಿಗೆ ತೆಲುಗಿನ ತೂಟಾ ಹತ್ತಿರ. ನನ್ನ ಓಟು ತೋಟಾಕ್ಕೆ, ಅದು ಚಿಕ್ಕದು. ಆದರೆ ವಿಭಕ್ತಿ ಹಚ್ಚುವಾಗ ದೀರ್ಘ ಬಿಡಬೇಡಿ. ‘ತೋಟಾದಲ್ಲಿ ಮದ್ದು ಕಡಿಮೆ’ ಎಂಬುದು ‘ತೋಟದಲ್ಲಿ ಮದ್ದು ಕಡಿಮೆ’ ಆದರೆ ಸಿಂಧನೂರಿನ ಓದುಗ ಎಣ್ಣೆ ಹೊಡೆಯುವ ಪಂಪು ಹುಡುಕಿಕೊಂಡು ಹೊರಡುತ್ತಾನೆ.

ಇನ್ನು ಬಾಳಿಕೆ. ಬಟ್ಟೆ ಬಾಳಿಕೆ ಬರುತ್ತದೆ, ಮೋಟಾರು ಬಾಳಿಕೆ ಬರುತ್ತದೆ. ಕಣ್ಣೆದುರಿಗಿರುವ ವಸ್ತು ಎಷ್ಟು ದಿನ ತಡೆಯುತ್ತದೆ ಎಂಬ ಲೆಕ್ಕ ಅದು. ‘ತೋಟಾ ಬಾಳಿಕೆ ಬರುತ್ತದೆಯೆ’ ಎಂದು ಕೇಳಿದರೆ, ಬೀರುವಿನಲ್ಲಿಟ್ಟ ಡಬ್ಬಿ ಇಪ್ಪತ್ತು ವರ್ಷದ ಮೇಲೂ ಹಾರುತ್ತದೆಯೆ ಎಂದು ಅರ್ಥವಾಗುತ್ತದೆ. ಆ ಪ್ರಶ್ನೆಗೆ ಉತ್ತರ ಬೇರೆಯೇ ಇದೆ, ಅದರಲ್ಲಿ ಹೊಸತು ಹಳತು ಎಂಬ ಭೇದವಿಲ್ಲ. ತಂಪಾಗಿ, ಒಣಗಿದ ಜಾಗದಲ್ಲಿ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ದಶಕಗಟ್ಟಲೆ ಇರುತ್ತದೆ. ನಮ್ಮ ಏಪ್ರಿಲ್ ಮೇ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗಿಟ್ಟರೆ ಮದ್ದು ಒಳಗೊಳಗೇ ಕೆಡುತ್ತದೆ, ಅದರ ಆಮ್ಲ ಹಿತ್ತಾಳೆಯನ್ನು ಒಳಗಿಂದ ತಿನ್ನುತ್ತದೆ. ಕೊರಳಿನಲ್ಲಿ ಸೀಳು, ಕೊಳವೆಯ ಮೇಲೆ ಹಸಿರು ಕಿಲುಬು ಕಂಡರೆ ಅದನ್ನು ಬಳಸುವ ಹಾಗಿಲ್ಲ. ಕುದುರೆ ಎಳೆದಾಗ ಹಾರಲಿಲ್ಲವೆಂದರೆ ನಳಿಗೆಯನ್ನು ಅಪಾಯವಿಲ್ಲದ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು, ತಡವಾಗಿ ಹೊತ್ತಿಕೊಳ್ಳುವುದುಂಟು. ಇದಕ್ಕಿಂತ ಕೆಟ್ಟದ್ದು, ಸಪ್ಪೆಯಾಗಿ ‘ಫುಸ್’ ಎನ್ನುವ ಈಡು. ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು. ನೋಡದೆ ಇನ್ನೊಂದು ಹಾರಿಸಿದರೆ ನಳಿಗೆಯೇ ಸೀಳುತ್ತದೆ.

ಇದೆಲ್ಲ ಬಾಳಿಕೆಯ ಮಾತಾಯಿತು. ನಿಮ್ಮ ಲೇಖನ ಕೇಳುತ್ತಿರುವುದು ಒಂದು ನಮೂನೆಯ ತೋಟಾ ಅಂಗಡಿಯಲ್ಲಿ ಮುಂದೆಯೂ ಸಿಗುತ್ತದೆಯೆ, ಅದಕ್ಕೆ ರೈಫಲ್ ಮಾಡುವವರು ಇರುತ್ತಾರೆಯೆ ಎಂದು.

ಕೊಪ್ಪಳದಿಂದ:

ಅಣ್ಣಾವ್ರು ಬೇರ್ಪಡಿಸಿದ್ದು ಸರಿಯಾಗಿದೆ. ನಾನು ‘ಚಲಾವಣೆ’ ಎನ್ನುತ್ತೇನೆ. ತೋಟಾದ ನಮೂನೆ ನಾಣ್ಯದ ಹಾಗೆ: ಲೋಹ ಎಷ್ಟು ಶುದ್ಧ ಎನ್ನುವುದಕ್ಕಿಂತ ಎಷ್ಟು ಅಂಗಡಿಯಲ್ಲಿ ತೆಗೆದುಕೊಳ್ಳುತ್ತಾರೆ ಎನ್ನುವುದು ಮುಖ್ಯ. .30-30ನ್ನೇ ನೋಡಿ. 1895ರದು, ಒತ್ತಡ ಬರೀ 42,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕ), ಇವತ್ತಿನ 62,000 ಪಿಎಸ್‌ಐನ .308ರ ಪಕ್ಕದಲ್ಲಿ ಮುದುಕ. ಆದರೂ ಚಲಾವಣೆಯಲ್ಲಿದೆ. ಅದನ್ನು ಹಾರಿಸುವ ವಿಂಚೆಸ್ಟರ್ 94 ರೈಫಲ್ಲುಗಳೇ 70 ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಅಷ್ಟು ರೈಫಲ್ ಜನರ ಕೈಯಲ್ಲಿರುವಾಗ ತೋಟಾ ಮಾಡುವವನು ನಿಲ್ಲಿಸಲಾರ.

ಹಾಗಾದರೆ ಹೊಸಬ ನೆಲೆಯೂರುವುದು ಹೇಗೆ? ನನ್ನ ಲೆಕ್ಕದಲ್ಲಿ ವೇಗ ಕೊನೆಗೆ ಬರುವ ಮಾತು. ನಳಿಗೆಯ ಸುತ್ತು, ಮ್ಯಾಗಜಿನ್ನಿನ (ರೈಫಲ್ಲಿನಲ್ಲಿ ತೋಟಾ ಜೋಡಿಸಿಡುವ ಪೆಟ್ಟಿಗೆಯ) ಉದ್ದ, ಡಬ್ಬಿಯ ಮೇಲಿನ ಹೆಸರು, ಇವೇ ಮೊದಲು.

ಸುತ್ತು ಅಂದರೆ ನಳಿಗೆಯ ಒಳಗಿನ ಸುರುಳಿ ಗೀರು ಎಷ್ಟು ಇಂಚಿಗೆ ಒಮ್ಮೆ ಪೂರ್ತಿ ತಿರುಗುತ್ತದೆ ಎನ್ನುವುದು. ಗುಂಡು ಉದ್ದವಾದಷ್ಟೂ ಸುತ್ತು ಬಿಗಿಯಾಗಬೇಕು, ಇಲ್ಲವಾದರೆ ಗಾಳಿಯಲ್ಲಿ ತೊನೆದು ಅಡ್ಡ ಬೀಳುತ್ತದೆ. 1955ರಲ್ಲಿ ಒಂದೇ ಅಳತೆಯ ಗುಂಡಿಗೆ ಎರಡು ತೋಟಾ ಬಂದವು: .243 ವಿಂಚೆಸ್ಟರ್ ಮತ್ತು .244 ರೆಮಿಂಗ್ಟನ್. ಮದ್ದು ಹಿಡಿಸುವುದರಲ್ಲಿ .244 ಒಂದು ಕೈ ಮೇಲೆಯೇ. ಆದರೆ ಅದರ ನಳಿಗೆಗೆ 12 ಇಂಚಿಗೆ ಒಂದು ಸುತ್ತು ಕೊಟ್ಟರು, ನೆಚ್ಚಿಕೊಳ್ಳಬಹುದಾದದ್ದು 90 ಗ್ರೇನ್ ತೂಕದ ಗುಂಡಿನವರೆಗೆ. .243ಕ್ಕೆ 10 ಇಂಚಿಗೆ ಒಂದು, 100 ಗ್ರೇನ್ ನೆಟ್ಟಗೆ ಹೋಗುತ್ತಿತ್ತು. ಜಿಂಕೆ ಹೊಡೆಯುವವರಿಗೆ ಬೇಕಾದದ್ದು ಆ 100 ಗ್ರೇನೇ. 1963ರಲ್ಲಿ ಸುತ್ತನ್ನು 9 ಇಂಚಿಗೆ ಬಿಗಿಮಾಡಿ, ಹೆಸರನ್ನು 6 ಎಂಎಂ ರೆಮಿಂಗ್ಟನ್ ಎಂದು ಬದಲಿಸಿದರು. ಅಷ್ಟರಲ್ಲಿ ಸಂತೆ ಮುಗಿದಿತ್ತು.

ಮ್ಯಾಗಜಿನ್ನಿಗೆ ಸಾಕ್ಷಿ 6.5 ಕ್ರೀಡ್‌ಮೂರ್. ಅದಕ್ಕಿಂತ ಹತ್ತು ವರ್ಷ ಮೊದಲೇ, 1997ರಲ್ಲಿ, .260 ರೆಮಿಂಗ್ಟನ್ ಬಂದಿತ್ತು. ಅದೂ ಅದೇ ಗುಂಡು, ಹೆಚ್ಚುಕಡಿಮೆ ಅದೇ ವೇಗ. ಅದು .308ರ ಕೊಳವೆಯ ಕೊರಳನ್ನು ಕಿರಿದು ಮಾಡಿದ್ದು, ಕೊಳವೆಯ ಉದ್ದ 51.7 ಮಿಮೀ. ಕ್ರೀಡ್‌ಮೂರ್‌ನದು 48.8 ಮಿಮೀ. ವ್ಯತ್ಯಾಸ 2.9 ಮಿಮೀ, ಗೋಧಿ ಕಾಳಿನ ದಪ್ಪ. ಆದರೆ ಇಬ್ಬರೂ ಕೂರಬೇಕಾದದ್ದು ಒಂದೇ ಅಳತೆಯ ಗಿಡ್ಡ ಮ್ಯಾಗಜಿನ್ನಿನಲ್ಲಿ. .260ರಲ್ಲಿ 140 ಗ್ರೇನಿನ ಉದ್ದ ಗುಂಡು ಹಾಕಬೇಕೆಂದರೆ ಅದನ್ನು ಮದ್ದಿನ ಜಾಗದೊಳಕ್ಕೆ ತುರುಕಬೇಕು. ಕ್ರೀಡ್‌ಮೂರ್‌ನಲ್ಲಿ ಗುಂಡು ಆರಾಮಾಗಿ ಮುಂದೆ ಕೂರುತ್ತದೆ. ಮೇಲಿಂದ 8 ಇಂಚಿಗೆ ಒಂದು ಸುತ್ತನ್ನು ಮೊದಲ ದಿನದಿಂದಲೇ ಕೊಟ್ಟರು, .260ಕ್ಕೆ ಶುರುವಿನಲ್ಲಿ ಸಿಕ್ಕಿದ್ದು 9 ಇಂಚಿನದು. ಅಂಗಡಿಯಲ್ಲಿ ಕೊಂಡ ಡಬ್ಬಿಯ ತೋಟಾವೇ ದೂರಕ್ಕೆ ನೆಟ್ಟಗೆ ಹೋಗುವಂತಾಯಿತು, ಮನೆಯಲ್ಲಿ ಕೂತು ತುಂಬಿಕೊಳ್ಳುವ ಗೋಜಿಲ್ಲ. ಕ್ರೀಡ್‌ಮೂರ್ ಗೆದ್ದದ್ದು ಇದರಿಂದ. ಅದನ್ನು ಇನ್ನು ‘ಹೊಸಬ’ ಎಂದು ಕರೆಯುವುದೇ ತಪ್ಪು, ತಳವೂರಿಯಾಗಿದೆ.

7 ಎಂಎಂ ಪಿಆರ್‌ಸಿ (2022) ಅದೇ ಪಾಠ ಓದಿ ಬಂದದ್ದು. ಎದುರಾಳಿ 1962ರ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್, ಅದರ ನಳಿಗೆಗಳ ಸುತ್ತು 9 ಇಂಚು, 9.5 ಇಂಚು. ಪಿಆರ್‌ಸಿಯದು 8, ಹಾಗಾಗಿ 175, 180 ಗ್ರೇನಿನ ಉದ್ದ ಗುಂಡು ಅದಕ್ಕೆ ಸಲೀಸು. ಹಳೆಯದರ ಬುಡಕ್ಕೆ ಒಂದು ಹಿತ್ತಾಳೆ ಪಟ್ಟಿ ಇದೆ, ತೋಟಾ ಚೇಂಬರಿನಲ್ಲಿ ತಡೆದು ನಿಲ್ಲುವುದು ಅದರ ಮೇಲೆ. ಪಿಆರ್‌ಸಿ ಹೆಗಲಿನ (ಕೊರಳಿನ ಕೆಳಗೆ ಕೊಳವೆ ಅಗಲವಾಗುವ ಇಳಿಜಾರಿನ) ಮೇಲೆ ನಿಲ್ಲುತ್ತದೆ, ಗುಂಡು ನಳಿಗೆಯ ನಡುಗೆರೆಗೆ ಹೆಚ್ಚು ಸರಿಯಾಗಿ ಕೂರುತ್ತದೆ. ಉಳಿಯುತ್ತದೆ ಎಂದು ನನ್ನ ಅಂದಾಜು. 6.8 ವೆಸ್ಟರ್ನ್ (2021) ಬಗ್ಗೆ ಅಷ್ಟು ಧೈರ್ಯ ಬರುವುದಿಲ್ಲ. ಭಾರದ ಗುಂಡು, ಬಿಗಿ ಸುತ್ತು, ಎಲ್ಲ ಸರಿ. ಆದರೆ ರೈಫಲ್, ತೋಟಾ ಎರಡಕ್ಕೂ ಬೆರಳೆಣಿಕೆಯ ಕಂಪನಿಗಳನ್ನೇ ನಂಬಿಕೊಂಡಿದೆ. ಮಾಲು ಕೊರತೆಯಾದಾಗ ಕಾರ್ಖಾನೆಗಳು ಮೊದಲು ಹೆಚ್ಚು ಮಾರುವ ನಮೂನೆಯನ್ನೇ ಓಡಿಸುತ್ತವೆ, ಉಳಿದದ್ದಕ್ಕೆ ಪಾಳಿ ಬರುವುದೇ ಇಲ್ಲ. 2003ರ ಡಬ್ಲ್ಯುಎಸ್‌ಎಸ್‌ಎಂ (ವಿಂಚೆಸ್ಟರ್ ಸೂಪರ್ ಶಾರ್ಟ್ ಮ್ಯಾಗ್ನಮ್) ತೋಟಾಗಳಂತೂ ಗಿಡ್ಡಕ್ಕೆ, ದಪ್ಪಕ್ಕೆ ಇದ್ದು ಮ್ಯಾಗಜಿನ್ನಿನಿಂದ ಸರಾಗವಾಗಿ ಏರುತ್ತಿರಲಿಲ್ಲ, ಹೆಸರೂ ಕೆಟ್ಟಿತು.

ಹೆಸರಿನ ಮಾತು ನಮ್ಮ ಚರ್ಚೆಗೆ ಹತ್ತಿರದ್ದು. 1957ರ .280 ರೆಮಿಂಗ್ಟನ್ ಚೆನ್ನಾಗಿ ಮಾರುತ್ತಿಲ್ಲವೆಂದು 1979ರಲ್ಲಿ ಅದಕ್ಕೆ 7 ಎಂಎಂ ಎಕ್ಸ್‌ಪ್ರೆಸ್ ಎಂದು ಮರುನಾಮಕರಣ ಮಾಡಿದರು. ಜನ ಅದನ್ನು 7 ಎಂಎಂ ಮ್ಯಾಗ್ನಮ್ ಜೊತೆ ಗೊಂದಲ ಮಾಡಿಕೊಂಡರು. ಮ್ಯಾಗ್ನಮ್‌ನ ಅಗಲ ಚೇಂಬರಿಗೆ ತೆಳು ಕೊಳವೆಯ ತೋಟಾ ಹಾಕಿ ಹಾರಿಸಿದರೆ ಹಿತ್ತಾಳೆ ಹರಿದು ಬಿಸಿ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಸ್ವಲ್ಪ ಕಾಲದಲ್ಲೇ ಹಳೆಯ ಹೆಸರಿಗೆ ಮರಳಿದರು. ಆದ್ದರಿಂದ ಅನುವಾದದಲ್ಲಿ ಹೆಸರು ಮೊಟಕು ಮಾಡಬೇಡಿ. ‘7 ಎಂಎಂ’ ಎಂದಷ್ಟೇ ಬರೆದರೆ ಏನೂ ಹೇಳಿದಂತಾಗುವುದಿಲ್ಲ.

ಕಾನೂನೂ ತೋಟಾವನ್ನು ಉಳಿಸುತ್ತದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಕೊರಳಿಲ್ಲದ, ನೇರ ಕೊಳವೆಯ ತೋಟಾ ಮಾತ್ರ ಎಂಬ ನಿಯಮವಿದೆ. 2019ರ .350 ಲೆಜೆಂಡ್ ನಿಂತಿರುವುದು ಆ ನಿಯಮದ ಮೇಲೆ. ನಮ್ಮ .315ರ ಕಥೆಯೂ ಅದೇ ಜಾತಿಯದು. ಆಸ್ಟ್ರಿಯಾದ ಹಳೆಯ 8×50 ತೋಟಾ ಅದು, 8 ಮಿಮೀ ಅಂದರೆ .315 ಇಂಚು. ಸೈನ್ಯದ .303 ಸಾರ್ವಜನಿಕರಿಗೆ ನಿಷಿದ್ಧವಾದ್ದರಿಂದ ಲೈಸೆನ್ಸಿನ ರೈಫಲ್ ಅಂದರೆ ಬಂಗಾಳದ ಇಶಾಪುರ ಕಾರ್ಖಾನೆಯ .315 ಎನ್ನುವಂತಾಯಿತು. ಹುಟ್ಟಿದ ದೇಶದಲ್ಲಿ ಮೂಲೆ ಸೇರಿದ್ದು ಇಲ್ಲಿ ಚಲಾವಣೆಯಲ್ಲಿ ಉಳಿಯಿತು.

ಬಳ್ಳಾರಿಯಿಂದ:

ಇಬ್ಬರಿಗೂ ಶರಣು. ವಾಕ್ಯ ಹೀಗೆ ತಿದ್ದಿದ್ದೇನೆ: ‘ಹೊಸ ನಮೂನೆಯ ತೋಟಾಗಳು ಹಳೆಯವುಗಳ ಎದುರು ಚಲಾವಣೆಯಲ್ಲಿ ಉಳಿಯಬಲ್ಲವೆ?’ ಇನ್ನೆರಡು ಸಣ್ಣ ಸಂಶಯ. ‘ಗ್ರೇನ್’ ಎಂಬುದನ್ನು ಒಬ್ಬರು ‘140 ಕಾಳು’ ಎಂದು ಮಾಡಿದ್ದಾರೆ, ಇರಲೆ? .30-06ನ್ನು ಹೇಗೆ ಬರೆಯಲಿ, ಹೇಗೆ ಓದಿಸಲಿ?

ರಾಯಚೂರಿನಿಂದ:

ಕಾಳು ಬೇಡ. ತೋಟಾದ ಮಾತಿನಲ್ಲಿ ‘140 ಕಾಳು’ ಎಂದರೆ 140 ಚರೆ ಎಂದು ಓದಿಕೊಳ್ಳುತ್ತಾರೆ. ಗ್ರೇನ್ ಎಂದೇ ಬಿಡಿ, ಮೊದಲ ಸಲ ಬಂದಾಗ ಗ್ರಾಮಿನ ಲೆಕ್ಕ ಕೊಡಿ. ಒಂದು ಗ್ರಾಮಿಗೆ 15.43 ಗ್ರೇನ್, 140 ಗ್ರೇನಿನ ಗುಂಡು ಅಂದರೆ ಸುಮಾರು 9 ಗ್ರಾಂ. ಮದ್ದನ್ನೂ ಗ್ರೇನಿನಲ್ಲೇ ತೂಗುತ್ತಾರೆ, ಆದ್ದರಿಂದ ಪ್ರತಿ ಸಲ ‘ಗುಂಡಿನ ತೂಕ’ ಎಂದು ಬಿಡಿಸಿ ಬರೆಯಿರಿ.

.30-06ರಲ್ಲಿ .30 ಇಂಚಿನ ಅಳತೆ, 06 ಅಂದರೆ ಅಮೆರಿಕದ ಸೈನ್ಯ ಅದನ್ನು ತೆಗೆದುಕೊಂಡ 1906ನೇ ಇಸವಿ. ‘ಥರ್ಟಿ ಆಟ್ ಸಿಕ್ಸ್’ ಎಂದು ಓದುತ್ತಾರೆ, ನಮ್ಮವರ ‘ತ್ರೀ ನಾಟ್ ತ್ರೀ’ ಇದ್ದ ಹಾಗೆ. ಮುಂದಿನ ಚುಕ್ಕೆ ಬಿಡಬೇಡಿ, ‘ಎಂಎಂ’ ಸೇರಿಸಬೇಡಿ. ‘.308 ಎಂಎಂ’ ಎಂದು ಅಚ್ಚಾದದ್ದುಂಟು, ಆ ಲೆಕ್ಕದಲ್ಲಿ ಗುಂಡು ಸೂಜಿಗಿಂತ ತೆಳ್ಳಗಾಗುತ್ತದೆ. ಪಟ್ಟಿಯನ್ನು ಎಕ್ಸೆಲ್ಲಿನಲ್ಲಿ ಮಾಡುವುದಿದ್ದರೆ ಆ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ. ಚುಕ್ಕೆ ಬಿಟ್ಟು 30-06 ಎಂದು ಹೊಡೆದರೆ ಅದು ಜೂನ್ 30ನೇ ತಾರೀಖು ಮಾಡಿ ಕೂರಿಸುತ್ತದೆ.