ಉಸಿರಿನ ಪರೀಕ್ಷೆಯಲ್ಲಿ ಎಫ್‌ವಿಸಿ (ಒಂದೇ ಉಸಿರಿಗೆ ಪೂರ್ತಿ ಊದಿದ ಗಾಳಿ) 74% ಬಂದಿದೆ, ರೇಶಿಯೋ ಸರಿಯಿದೆಯಂತೆ. ಹೇಗೆ ಓದುವುದು ಇದನ್ನು?

ಕನ್ನಡ_ಟೀಚರ್:
ವಯಸ್ಸು 43, ಎತ್ತರ 155 ಸೆಂ.ಮೀ., ಸಿಗರೇಟು ಮುಟ್ಟಿದವಳಲ್ಲ. ಜ್ವರ ಬಿಟ್ಟ ಮೇಲೂ ಕೆಮ್ಮು ಬಿಡಲಿಲ್ಲ. ಪಾಠ ಮಾಡುವಾಗ ಸ್ವಲ್ಪ ಉದ್ದದ ವಾಕ್ಯ ಬಂದರೆ ನಡುವೆಯೇ ಉಸಿರು ಎಳೆದುಕೊಳ್ಳಬೇಕು. ಡಾಕ್ಟರು ಪಿಎಫ್‌ಟಿ, ಅಂದರೆ ಶ್ವಾಸಕೋಶದ ಪರೀಕ್ಷೆ, ಬರೆದುಕೊಟ್ಟರು. ಎಫ್‌ವಿಸಿ 2.15 ಲೀಟರ್ (74%), ಎಫ್‌ಇವಿ1, ಅಂದರೆ ಮೊದಲ ಸೆಕೆಂಡಿನಲ್ಲಿ ಊದಿದ್ದು, 1.80 ಲೀಟರ್ (75%), ಅದನ್ನು ಎಫ್‌ವಿಸಿಯಿಂದ ಭಾಗಿಸಿದ ರೇಶಿಯೋ 0.84. ಇನ್ಹೇಲರ್ ಕೊಟ್ಟು ಮತ್ತೆ ಊದಿಸಿದಾಗಲೂ ಹೆಚ್ಚುಕಡಿಮೆ ಅಷ್ಟೇ. ಕೆಳಗೆ ‘ರಿಸ್ಟ್ರಿಕ್ಷನ್ ಇರಬಹುದು’ ಅಂತ ಪ್ರಿಂಟಾಗಿದೆ, ಶ್ವಾಸಕೋಶ ಪೂರ್ತಿ ಹಿಗ್ಗುತ್ತಿಲ್ಲ ಅಂತ ಅದರರ್ಥವಂತೆ.

ನನ್ನಮ್ಮ ತೀರಿಕೊಂಡಿದ್ದು ಪಲ್ಮನರಿ ಫೈಬ್ರೋಸಿಸ್‌ನಿಂದ, ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗುವ ಕಾಯಿಲೆ ಅದು. ಅವರ ರಿಪೋರ್ಟಿನಲ್ಲೂ ರಿಸ್ಟ್ರಿಕ್ಷನ್ ಅನ್ನುವ ಇದೇ ಪದ ಇತ್ತು. ಡಾಕ್ಟರು ಸಿಗುವುದು ಮುಂದಿನ ವಾರ. ಅಲ್ಲಿಯವರೆಗೆ ನಿದ್ದೆ ಬರುವ ಹಾಗೆ ಕಾಣುವುದಿಲ್ಲ. 74 ಅಂದರೆ ಶ್ವಾಸಕೋಶದ ಕಾಲು ಭಾಗ ಹೋಯಿತು ಅಂತಲೇ ಅರ್ಥವಾ?

ಹಳೇ_ಟೆಕ್ನಿಷಿಯನ್:
ಅಲ್ಲ ಮೇಡಂ. ನಿಮ್ಮ ವಯಸ್ಸು, ಎತ್ತರದ ಆರೋಗ್ಯವಂತ ಹೆಂಗಸರ ಸರಾಸರಿಗೆ ಹೋಲಿಸಿದ ಸಂಖ್ಯೆ ಅದು. ಆ ಸರಾಸರಿಯ ಸುತ್ತ ಸಹಜವಾಗಿಯೇ ಏರುಪೇರು ಇರುತ್ತದೆ. ಪಕ್ಕದಲ್ಲಿ ಝಡ್ ಸ್ಕೋರ್ ಅಂತ ಒಂದು ಕಾಲಂ ಇದ್ದರೆ ನೋಡಿ, ಆ ಏರುಪೇರಿನ ಲೆಕ್ಕದಲ್ಲಿ ನೀವು ಸರಾಸರಿಯಿಂದ ಎಷ್ಟು ದೂರ ಅಂತ ಅದು ಹೇಳುತ್ತದೆ. ಮೈನಸ್ 1.645ಕ್ಕಿಂತ ಕೆಳಗಿದ್ದರೆ ಕಡಿಮೆ ಎನ್ನುತ್ತಾರೆ. ಆರೋಗ್ಯವಂತರಲ್ಲೂ ನೂರಕ್ಕೆ ಐದು ಜನ ಆ ಗೆರೆಯ ಕೆಳಗೇ ಬರುತ್ತಾರೆ.

ಇನ್ನೊಂದು ಮುಖ್ಯ ವಿಷಯ. ನೀವು ಮಾಡಿಸಿದ ಈ ಊದುವ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿ, ಅಳೆಯುವುದು ನೀವು ಹೊರಗೆ ಊದಿದ ಗಾಳಿಯನ್ನು ಮಾತ್ರ. ಪೂರ್ತಿ ಊದಿದ ಮೇಲೂ ಒಳಗೆ ಉಳಿಯುವ ಗಾಳಿ ಅದಕ್ಕೆ ಗೊತ್ತಾಗುವುದೇ ಇಲ್ಲ. ಹಾಗಾಗಿ ಇದೊಂದರಿಂದ ರಿಸ್ಟ್ರಿಕ್ಷನ್ ಖಚಿತವಾಗುವುದಿಲ್ಲ. ಟಿಎಲ್‌ಸಿ, ಅಂದರೆ ಶ್ವಾಸಕೋಶದ ಒಟ್ಟು ಗಾತ್ರ, ಅಳೆಯಬೇಕು. ಪ್ರಿಂಟಾಗಿರುವ ಆ ಸಾಲು ಸಂಖ್ಯೆ ನೋಡಿ ಯಂತ್ರ ಹಾಕಿದ್ದು, ನಿಮ್ಮನ್ನು ನೋಡಿ ಡಾಕ್ಟರು ಬರೆದದ್ದಲ್ಲ.

ಊದುವಾಗ ಕೆಮ್ಮು ಬಂದಿತ್ತಾ? ಗ್ರಾಫ್ ಹೇಗಿದೆ ಹೇಳಿ.

ದಮ್ಮುಗಾರ:
ನನಗೂ ಎಫ್‌ವಿಸಿ ಕಡಿಮೆ ಬಂದು ಇದೇ ಪದ ಬಂದಿತ್ತು. ಗಾಜಿನ ಕೋಣೆಯಂಥ ಪೆಟ್ಟಿಗೆಯಲ್ಲಿ ಕೂರಿಸಿ ಮತ್ತೆ ಅಳೆದರು, ಒಟ್ಟು ಗಾತ್ರ ಸರಿಯಾಗೇ ಇತ್ತು. ನನ್ನದು ಆಸ್ತಮಾ, ಗಾಳಿ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಹೊಟ್ಟೆಯ ಸುತ್ತ ಬೊಜ್ಜಿದ್ದರೂ ಎಫ್‌ವಿಸಿ ಇಳಿಯುತ್ತದೆ ಅಂತ ಅಲ್ಲೇ ಗೊತ್ತಾಗಿದ್ದು.

ಕನ್ನಡ_ಟೀಚರ್:
ಕೆಮ್ಮು ಬಂದಿತ್ತು, ಪ್ರತಿ ಸಲವೂ. ಗ್ರಾಫ್ ಮೇಲೇರುತ್ತಾ ಹೋಗಿ ಮೂರು ಸೆಕೆಂಡಿನ ಹತ್ತಿರ ಥಟ್ಟನೆ ನಿಂತಿದೆ. ಒಂದರಲ್ಲಿ 2.15, ಅದರ ನಂತರದ್ದು 1.79. ಝಡ್ ಸ್ಕೋರ್ ಮೈನಸ್ 2.0. ಇನ್ನೊಂದು ಹೇಳಬೇಕು, ನನ್ನ ಹಿಮೋಗ್ಲೋಬಿನ್ 9.8.

ಹಳೇ_ಟೆಕ್ನಿಷಿಯನ್:
ಹಾಗಾದರೆ ಈ 2.15ನ್ನು ನಾನು ನಂಬುವುದಿಲ್ಲ. ಒಳ್ಳೆಯ ಎರಡು ಊದಿಕೆಗಳ ನಡುವೆ 150 ಮಿಲಿಲೀಟರ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು, ನಿಮ್ಮದರಲ್ಲಿ 360 ಇದೆ. ಗೆರೆ ಕೊನೆಯಲ್ಲಿ ಚಪ್ಪಟೆಯಾಗಬೇಕಿತ್ತು, ಆಗಿಲ್ಲ. ಕೆಮ್ಮಿಗೆ ಅರ್ಧಕ್ಕೇ ನಿಂತರೆ ಎಫ್‌ವಿಸಿ ಇಳಿಯುತ್ತದೆ, ಜೊತೆಗೆ ರೇಶಿಯೋ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅಂದರೆ ಆ ‘ಸರಿಯಿದೆ’ಯನ್ನೂ ಈಗಲೇ ನಂಬುವ ಹಾಗಿಲ್ಲ.

ಅಮ್ಮನ ಕಾಯಿಲೆಯ ವಿಷಯ ಡಾಕ್ಟರಿಗೆ ಮೊದಲೇ ಹೇಳಿ. ಇದನ್ನು ಹಗುರವಾಗಿ ಬಿಡಬೇಡಿ ಅಂತಲೇ ನನ್ನ ಮಾತು. ಕೆಮ್ಮು ತಗ್ಗಿದ ಮೇಲೆ ಮತ್ತೆ ಊದಿಸಬಹುದೇ, ಟಿಎಲ್‌ಸಿ ಮತ್ತು ಡಿಎಲ್‌ಸಿಒ ಮಾಡಿಸಬೇಕೇ ಎಂದು ಕೇಳಿ. ಡಿಎಲ್‌ಸಿಒ ಗಾಳಿ ರಕ್ತಕ್ಕೆ ಎಷ್ಟು ಸಲೀಸಾಗಿ ದಾಟುತ್ತದೆ ಎಂದು ತೋರಿಸುತ್ತದೆ. ಫೈಬ್ರೋಸಿಸ್ ಇದ್ದರೆ ಸಾಮಾನ್ಯವಾಗಿ ಅದು ಇಳಿದಿರುತ್ತದೆ. ಆದರೆ ರಕ್ತ ಕಡಿಮೆಯಿದ್ದರೂ ಇಳಿಯುತ್ತದೆ, ಆದ್ದರಿಂದ ನಿಮ್ಮ 9.8ನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಹಿಮೋಗ್ಲೋಬಿನ್ ಅಷ್ಟಿದ್ದರೆ ಅದರಿಂದಲೇ ಏದುಸಿರು ಬರಬಹುದು.

ಕೂತಲ್ಲೇ ಉಸಿರು ಕಟ್ಟಿದರೆ ಅಥವಾ ಕಫದಲ್ಲಿ ರಕ್ತ ಕಂಡರೆ ಮುಂದಿನ ವಾರದವರೆಗೆ ಕಾಯಬೇಡಿ, ಆ ದಿನವೇ ಹೋಗಿ.