ಮನೆಗೆ ಎರಡನೇ ಕಾರು, ಹೊಸದಾಗಿ ಡಿಎಲ್ ಬಂದಿರೋ ಮಗನೂ ಓಡಿಸ್ತಾನೆ – ನಾಲ್ಕು ಲಕ್ಷದೊಳಗೆ ಯಾವುದು ತಗೊಳ್ಳೋದು?

ಮೈಸೂರಿಂದ, ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೇಲಿ ಒಂದು ದೊಡ್ಡ ಡೀಸೆಲ್ ಗಾಡಿ ಇದೆ, ಅದನ್ನ ಯಜಮಾನ್ರು ಬೆಳಿಗ್ಗೆ ನಂಜನಗೂಡು ಇಂಡಸ್ಟ್ರಿಯಲ್ ಏರಿಯಾಗೆ ತಗೊಂಡು ಹೋದ್ರೆ ಬರೋದು ರಾತ್ರಿನೇ. ನಾನು ಟೀಚರ್, ಇಷ್ಟು ದಿನ ಸ್ಕೂಟಿಲಿ ಸ್ಕೂಲಿಗೆ ಹೋಗ್ತಿದ್ದೆ, ಈಗ ಬೆನ್ನುನೋವು ಅಂತ ಡಾಕ್ಟರ್ ಬೇಡ ಅಂದಿದಾರೆ. ಮಗನಿಗೆ 19, ಈಗಷ್ಟೇ ಡಿಎಲ್ ಬಂದಿದೆ, ಕೈ ತುರಿಸ್ತಾ ಇದೆ ಅವನಿಗೆ. ಬೆಳಿಗ್ಗೆ ನಾನು, ಸಂಜೆ ಮತ್ತೆ ಭಾನುವಾರ ಅವನು, ಒಂದೇ ಕಾರು. ಬಜೆಟ್ ನಾಲ್ಕು, ಎಳೆದ್ರೆ ನಾಲ್ಕೂವರೆ. ಹಳೇದಾ ಹೊಸದಾ? ಗೇರಾ ಆಟೋಮ್ಯಾಟಿಕ್ಕಾ? ಇನ್ಶೂರೆನ್ಸ್‌ನಲ್ಲಿ ಮಗನ ಹೆಸರು ಸೇರಿಸ್ಬೇಕಾ? ಓಡಿಸಿ ಅನುಭವ ಇರೋರು ಹೇಳಿ, ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟೋಗಿದೆ.

ಬೆಂಗಳೂರಿಂದ:

ಮೇಡಂ, ಮಾಡೆಲ್ ಹೆಸರು ಆಮೇಲೆ. ಆರ್‌ಸಿಲಿ ಗಾಡಿ ತಯಾರಾದ ತಿಂಗಳು ವರ್ಷ ಅಂತ ಇರುತ್ತಲ್ಲ, ಮೊದಲು ಅದನ್ನ ನೋಡಿ. 2019ರ ಏಪ್ರಿಲ್‌ನಿಂದ ಎಲ್ಲಾ ಹೊಸ ಕಾರಿಗೂ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದ್ರೂ ಚಕ್ರ ಲಾಕ್ ಆಗಿ ಜಾರದ ಹಾಗೆ ನೋಡ್ಕೊಳ್ಳೋದು) ಕಡ್ಡಾಯ ಆಯ್ತು, ಅದೇ ವರ್ಷ ಜುಲೈಯಿಂದ ಡ್ರೈವರ್ ಏರ್‌ಬ್ಯಾಗು, ಹಿಂದೆ ಪಾರ್ಕಿಂಗ್ ಸೆನ್ಸರ್ರು, ಬೆಲ್ಟ್ ಹಾಕ್ದೇ ಇದ್ರೆ ಕಿರುಚೋ ಅಲಾರಾಂ, 80 ದಾಟಿದ್ರೆ ಟಿಣ್ ಟಿಣ್ ಅನ್ನೋದು, ಇವೆಲ್ಲ ಬೇಸ್ ಮಾಡೆಲ್‌ಗೂ ಬಂತು. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲದಕ್ಕೂ ಬಂದಿದ್ದು 2022ರ ಜನವರಿಯಿಂದ, ಮತ್ತೆ ಹುಡುಗ ಓಡಿಸುವಾಗ ಆ ಪಕ್ಕದ ಸೀಟಲ್ಲಿ ಜೀವ ಕೈಲಿ ಹಿಡ್ಕೊಂಡು ಕೂರೋದು ನೀವೇ ಅಲ್ವಾ. ಅದಕ್ಕೇ 2017ರ ಟಾಪ್ ಎಂಡ್ ಗಾಡಿಗಿಂತ 2022ರ ಸಾದಾ ಗಾಡಿ ನಿಮಗೆ ಮೇಲು. ಟಚ್ ಸ್ಕ್ರೀನು, ಅಲಾಯ್ ವೀಲು ನೋಡಿ ಮರುಳಾಗ್ಬೇಡಿ, ಅಲಾಯ್ ವೀಲು ಹೇಗಿದ್ರೂ ಫುಟ್‌ಪಾತ್ ಅಂಚಿಗೆ ಉಜ್ಜಿ ಹಾಳಾಗೋದೇ.

ನಮ್ಮನೇಲಿ ನನಗೂ ತಂಗಿಗೂ ಸೇರಿ ಒಂದು ಟಿಯಾಗೋ ಇದೆ, 2020ರದ್ದು, ಸೆಕೆಂಡ್ ಹ್ಯಾಂಡ್. ಅವಳು ಕಲಿತಿದ್ದೇ ಅದರಲ್ಲಿ. ಕಾರನ್ನ ಗುದ್ದಿಸಿ ಸುರಕ್ಷತೆ ಪರೀಕ್ಷಿಸೋ ಗ್ಲೋಬಲ್ ಎನ್‌ಕ್ಯಾಪ್‌ನೋರು 2020ರಲ್ಲಿ ಅದಕ್ಕೆ 4 ಸ್ಟಾರ್ ಕೊಟ್ಟಿದ್ರು, 2023ರಲ್ಲಿ ಆಲ್ಟೋ ಕೆ10ಗೆ 2, ವ್ಯಾಗನ್‌ಆರ್‌ಗೆ 1 ಅಷ್ಟೇ ಬಂತು. ಆ ಲೆಕ್ಕಕ್ಕೇ ತಗೊಂಡಿದ್ದು. ಆದ್ರೆ ಖರ್ಚು ಕೇಳಿದ್ರೆ ನಿಜ ಹೇಳ್ತೀನಿ, ಸಿಟಿ ಟ್ರಾಫಿಕ್‌ನಲ್ಲಿ ಮಾರುತಿಯಷ್ಟು ಮೈಲೇಜ್ ಬರಲ್ಲ, ಎಂಜಿನ್ 1199 ಸಿಸಿ ಆಗಿರೋದ್ರಿಂದ ಥರ್ಡ್ ಪಾರ್ಟಿ ಪ್ರೀಮಿಯಮ್ಮೂ (ನಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟಕ್ಕೆ ಮಾಡಿಸೋ ಇನ್ಶೂರೆನ್ಸಿಂದು) ಜಾಸ್ತಿ. 2022ರಲ್ಲಿ ಫಿಕ್ಸ್ ಮಾಡಿದ ರೇಟಲ್ಲಿ 1000 ಸಿಸಿ ಒಳಗಿದ್ರೆ ವರ್ಷಕ್ಕೆ 2,094 ರೂಪಾಯಿ, ದಾಟಿದ್ರೆ 3,416. ಕೆ10 ಎಂಜಿನ್ 998 ಸಿಸಿ, ಸ್ವಲ್ಪದರಲ್ಲೇ ಒಳಗೆ ಉಳ್ಕೊಳ್ಳುತ್ತೆ ನೋಡಿ.

ಹೊಸದು ಬೇಕಾದ್ರೆ ಅದಕ್ಕೂ ದಾರಿ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಕಾರಿನ ಜಿಎಸ್‌ಟಿ 18 ಪರ್ಸೆಂಟಿಗೆ ಇಳೀತು, ಆವಾಗ ಆಲ್ಟೋ ಕೆ10 ಎಕ್ಸ್ ಶೋರೂಂ 3.70 ಲಕ್ಷದ ಆಸುಪಾಸಿಂದ ಶುರುವಾಯ್ತು. ಅದರ ಮೇಲೆ ನಮ್ಮ ಕರ್ನಾಟಕದ ಲೈಫ್ ಟ್ಯಾಕ್ಸ್ 5 ಲಕ್ಷದೊಳಗಿನ ಗಾಡಿಗೆ 13 ಪರ್ಸೆಂಟು, ಸೆಸ್ಸು, ಇನ್ಶೂರೆನ್ಸು ಎಲ್ಲ ಸೇರಿ ನಾಲ್ಕೂವರೆ ಹತ್ರ ಹೋಗುತ್ತೆ. ಅಂದ್ರೆ ನಿಮ್ಮ ಬಜೆಟ್ ಪೂರ್ತಿ ಬೇಸ್ ಮಾಡೆಲ್‌ಗೇ ಖಾಲಿ. ಹಾಗಂತ ಹಳೇ ಗಾಡಿ ಮಾರೋರು ಜಿಎಸ್‌ಟಿ ಇಳಿಯೋ ಮುಂಚಿನ ರೇಟೇ ಹೇಳಿದ್ರೆ ಸುಮ್ನೆ ತಲೆ ಆಡಿಸ್ಬೇಡಿ, ಹೊಸದರ ರೇಟ್ ಶೀಟ್ ಫೋನಲ್ಲಿ ತೋರಿಸಿ ಚೌಕಾಸಿ ಮಾಡಿ.

ಹುಬ್ಬಳ್ಳಿಯಿಂದ:

ಅಕ್ಕಾರ, ಕಲಿಯೋ ಹುಡುಗ ಅದಾನ, ಗೇರಿನ ಗಾಡಿನ ತಗೋರಿ ಅಂತ ಎಲ್ಲಾರೂ ಹೇಳ್ತಾರ. ನಾ ಹೇಳೂದು ಬ್ಯಾರೆ. ಗಾಡಿ ದಿನಾ ಓಡಸೂದು ನೀವು, ಬೆನ್ನುಬ್ಯಾನಿ ಇರೂದು ನಿಮಗ, ಸ್ಕೂಲ್ ಬಿಡೂ ಟೈಮಿಗೆ ಆ ಟ್ರಾಫಿಕ್‌ನ್ಯಾಗ ಕ್ಲಚ್ ತುಳದು ತುಳದು ಸ್ಕೂಟಿಗಿಂತ ಹೆಚ್ಚಿಗಿ ನೋವಾದ್ರ ಏನ್ ಮಾಡ್ತೀರಿ? ಅದಕ್ಕ ಎಎಂಟಿ ತಗೋರಿ, ಕ್ಲಚ್ ಪೆಡಲ್ ಇರೂದಿಲ್ಲ, ಗೇರ್ ತಾನ ಬದಲಾಗ್ತದ. ನಮ್ಮ ಮನ್ಯಾಗ ಸೆಲೆರಿಯೋ ಎಎಂಟಿ ಐತ್ರಿ, ನಮ್ಮಾಕಿ ಓಡಸ್ತಾಳ, ತಮ್ಮನ ಮಗಾನೂ ಓಡಸ್ತಾನ. ಪೆಟ್ರೋಲ್ ಗೇರಿನ ಗಾಡಿಗಿಂತ ಏನ್ ಹೆಚ್ಚ ಕುಡಿಯೂದಿಲ್ರಿ, ಕಂಪನಿಯವ್ರು ಹೇಳೂ ಮೈಲೇಜನ್ಯಾಗ ಎಎಂಟಿದು ಒಂದೀಟು ಜಾಸ್ತಿನ ಐತಿ. ಲೈಸೆನ್ಸ್ ಎರಡಕ್ಕೂ ಒಂದ. ಹುಡುಗಗ ಗೇರ್ ಮರೀಬಾರದು ಅಂದ್ರ ರವಿವಾರ ಅವರಪ್ಪನ ಗಾಡಿ ಕೊಡ್ರಿ, ಬಾಜೂಕ ಅವರಪ್ಪ ಕುಂದರ್ಲಿ.

ಒಂದ ಮಾತ್ ನೆಪ್ಪಿಡ್ರಿ, ಹಿಲ್ ಹೋಲ್ಡ್ ಇಲ್ಲದ ಹಳೇ ಎಎಂಟಿ ಏರಿನ್ಯಾಗ ಬ್ರೇಕ್ ಬಿಟ್ಟಕೂಡ್ಲೆ ಹಿಂದ ಜಾರ್ತದ. ಚಾಮುಂಡಿ ಬೆಟ್ಟದ ಮ್ಯಾಲ ಗಾಡಿ ಸಾಲಾಗಿ ನಿಂತಾಗ ಹೊಸಬ್ರು ಏನ್ ಮಾಡ್ತಾರ ಅಂದ್ರ ಬ್ರೇಕ್ ಹಿಡೀದ ಎಕ್ಸಲೇಟರ್ ಮ್ಯಾಲ ಗಾಡಿ ನಿಂದರಸ್ತಾರ. ಒಳಗ ಇರೂದು ಅದ ಕ್ಲಚ್ ಪ್ಲೇಟ್ ರೀ, ಸುಟ್ಟ ವಾಸನಿ ಬರ್ತದ. ಹ್ಯಾಂಡ್ ಬ್ರೇಕ್ ಹಾಕಿ ಬಿಡೂದು ಮೊದಲ ಕಲಸ್ರಿ.

ದಾವಣಗೆರೆಯಿಂದ:

ಇನ್ಶೂರೆನ್ಸ್ ಲೈನಲ್ಲೇ ಇರೋನು, ಅದೊಂದನ್ನ ನಾನು ಹೇಳ್ತೀನಿ. ಅಮೆರಿಕದಲ್ಲಿರೋ ನೆಂಟ್ರು ಹುಡುಗ್ರು ಓಡಿಸಿದ್ರೆ ಪ್ರೀಮಿಯಂ ಸಿಕ್ಕಾಪಟ್ಟೆ ಏರುತ್ತೆ ಅಂತ ಹೆದರಿಸ್ತಾರೆ, ಅದು ಅಲ್ಲಿನ ಕಥೆ. ನಮ್ಮಲ್ಲಿ ಪಾಲಿಸಿ ಗಾಡಿಗೆ. ನಿಮ್ಮ ಒಪ್ಪಿಗೆ ಮೇಲೆ ಓಡಿಸೋ ಮಗನ ಹತ್ರ ಚಾಲ್ತಿಯಲ್ಲಿರೋ ಡಿಎಲ್ ಇದ್ರೆ ಆಯ್ತು, ಹೆಸರು ಸೇರಿಸೋ ಗೋಜು ಇಲ್ಲ. ಆದ್ರೆ ಪಾಲಿಸಿ ಒಳಗಿರೋ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಇದೆಯಲ್ಲ, ಅದು ಓನರ್ ಕಂ ಡ್ರೈವರ್‌ಗೆ ಮಾತ್ರ. ಕಾರು ಯಜಮಾನ್ರ ಹೆಸರಲ್ಲಿ ತಗೊಂಡು ದಿನಾ ನೀವು ಓಡಿಸಿದ್ರೆ ಅದು ನಿಮಗೆ ಅನ್ವಯ ಆಗಲ್ಲ. ನಿಮ್ಮ ಹೆಸರಲ್ಲೇ ತಗೊಳ್ಳಿ, ಮಗನಿಗೆ ಅಂತ ಬೇರೆ ಕವರ್ ಬೇಕಾದ್ರೆ ಆಡ್ ಆನ್ ಸಿಗುತ್ತೆ, ದೊಡ್ಡ ದುಡ್ಡೇನಲ್ಲ.

ಇನ್ನು ಎನ್‌ಸಿಬಿ, ಅಂದ್ರೆ ಕ್ಲೈಮ್ ಮಾಡದೇ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ. ಒಂದು ವರ್ಷ ಕ್ಲೈಮ್ ಮಾಡ್ದೇ ಇದ್ರೆ 20 ಪರ್ಸೆಂಟು, ಹಾಗೇ 25, 35, 45, ಕೊನೆಗೆ 50ಕ್ಕೆ ನಿಲ್ಲುತ್ತೆ. ಸ್ಕೂಟಿಲಿ ಕೂಡಿಟ್ಟ ಎನ್‌ಸಿಬಿ ಕಾರಿಗೆ ಬರಲ್ಲ. ಹಳೇ ಕಾರ್ ತಗೊಂಡ್ರೆ ಮಾರಿದೋರ ಎನ್‌ಸಿಬಿನೂ ನಿಮಗೆ ಬರಲ್ಲ, ಅದು ಅವರ ಜೊತೆ ಹೋಗುತ್ತೆ. ಗಾಡಿ ಕೈ ಬದಲಾದ 14 ದಿನದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ. ಬಹಳ ಜನ ಆರ್‌ಸಿ ಬಂದಮೇಲೆ ನೋಡೋಣ ಅಂತ ಕೂರ್ತಾರೆ, ಅಷ್ಟರಲ್ಲಿ ಹುಡುಗ ಎಲ್ಲಾದ್ರೂ ಗುದ್ದಿದ್ರೆ ನಿಮ್ಮ ಗಾಡಿ ರಿಪೇರಿ ಕೈಯಿಂದಲೇ.

ಮಗನಿಗೆ ಮೊದಲೇ ಹೇಳಿಬಿಡಿ, ಬಂಪರ್ ಗೀರಿದ್ರೆ ಕ್ಲೈಮ್ ಇಲ್ಲ ಅಂತ. ಎರಡು ಸಾವಿರದ ಪೇಂಟಿಗೆ ಕ್ಲೈಮ್ ಹಾಕಿ ಬಂದಿರೋ ಎನ್‌ಸಿಬಿನೆಲ್ಲ ಸೊನ್ನೆ ಮಾಡ್ಕೊಂಡು ಆಮೇಲೆ ನಮ್ಮ ಹತ್ರ ಜಗಳಕ್ಕೆ ಬರೋರು ಬೇಕಾದಷ್ಟು ಜನ. ಐದು ವರ್ಷ ದಾಟದ ಗಾಡಿ ಆದ್ರೆ ಮೊದಲ ವರ್ಷಕ್ಕೆ ಮಾತ್ರ ಜೀರೋ ಡೆಪ್ (ಪಾರ್ಟ್ಸ್ ಹಳೇದಾಗಿದೆ ಅಂತ ಕ್ಲೈಮ್ ದುಡ್ಡಲ್ಲಿ ಕಡಿತ ಮಾಡದ ಕವರ್) ಹಾಕಿಸಿ, ವರ್ಷಕ್ಕೆ ಎಷ್ಟು ಕ್ಲೈಮ್ ಅಂತ ಮಿತಿ ಇರುತ್ತೆ, ಕೇಳ್ಕೊಳ್ಳಿ.

ಬೆಂಗಳೂರಿಂದ, ಇನ್ನೊಬ್ಬರು:

ಎಲೆಕ್ಟ್ರಿಕ್ ಕಾರು ಕಾಮೆಟ್ ಇವಿ ನೋಡಿ ಮೇಡಂ, ಮೂರು ಮೀಟರೂ ಉದ್ದ ಇಲ್ಲ, ಪಾರ್ಕಿಂಗ್ ಆಟದ ಸಾಮಾನಿನಷ್ಟು ಸುಲಭ, ಸ್ಕೂಲಿಗೆ ಹೋಗಿ ಬರೋಕೆ ಇದಕ್ಕಿಂತ ಅಗ್ಗದ್ದು ಇಲ್ಲ. ಡಿಕ್ಕಿ ಇಲ್ಲ ಅನ್ನೋದೊಂದು ಬಿಟ್ರೆ.

ಮೈಸೂರಿಂದ, ಕೇಳಿದೋರು:

ಎಲ್ಲರಿಗೂ ಥ್ಯಾಂಕ್ಸ್. ಇವಿ ಆಸೆ ನನಗೂ ಇದೆ ಸರ್, ಆದ್ರೆ ಬಾಡಿಗೆ ಮನೆ, ಗಾಡಿ ನಿಲ್ಸೋದು ರಸ್ತೇಲಿ, ಚಾರ್ಜ್ ಮಾಡೋಕೆ ವೈರ್ ಎಲ್ಲಿಂದ ಎಳೀಲಿ? ಹುಬ್ಬಳ್ಳಿ ಅಣ್ಣಾವ್ರು ಹೇಳಿದ ಮೇಲೆ ಎಎಂಟಿ ಕಡೆ ಮನಸ್ಸು ವಾಲಿದೆ. ಈಗ ಇನ್ನೊಂದು ತಲೆನೋವು, ನಮ್ಮ ಭಾವ ಯಾರೋ ಡೀಲರ್ ಹಿಡ್ಕೊಂಡು ಬಂದಿದಾರೆ, ದೆಹಲಿ ನಂಬರಿನ 2016ರ ಡೀಸೆಲ್ ಸ್ವಿಫ್ಟ್ ಎರಡೂವರೆಗೆ ಕೊಡಿಸ್ತೀನಿ ಅಂತಾರೆ. ಅರ್ಧ ದುಡ್ಡು ಉಳೀತದೆ ಅಂತ ಯಜಮಾನ್ರೂ ಕುಣೀತಿದಾರೆ.

ಬೆಂಗಳೂರಿಂದ:

ಬೇಡ ಮೇಡಂ. ದೆಹಲಿ ಡೀಸೆಲ್ ಗಾಡಿಗಳು ಅಗ್ಗ ಯಾಕೆ ಅಂದ್ರೆ ಅಲ್ಲಿ 10 ವರ್ಷ ದಾಟಿದ ಡೀಸೆಲ್ಲು, 15 ದಾಟಿದ ಪೆಟ್ರೋಲ್ ಗಾಡಿ ಓಡಿಸೋಕೆ ಅಡ್ಡಿ ಇತ್ತು (2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಸಡಿಲಿಸ್ತು), ಅದಕ್ಕೆ ಗಡುವು ಹತ್ರ ಬಂದಂಗೆ ದಕ್ಷಿಣಕ್ಕೆ ಸಾಗಿಸ್ತಿದ್ರು. ಇಲ್ಲಿ ತಂದ್ರೆ ಎನ್‌ಒಸಿ, ಮತ್ತೆ ಇಲ್ಲಿನ ಲೈಫ್ ಟ್ಯಾಕ್ಸ್ ಕಟ್ಬೇಕು, ಗಾಡಿ ಹಳೇದಾದಷ್ಟೂ ಪರ್ಸೆಂಟ್ ಇಳಿಯುತ್ತೆ ನಿಜ, ಆದ್ರೂ ಆ ಎರಡೂವರೆ ಎರಡೂವರೆಯಾಗಿ ಉಳಿಯಲ್ಲ. ಅದೂ ಅಲ್ದೆ ನಾನು ಮೇಲೆ ಹೇಳಿದ 2019ರ ಗೆರೆಗಿಂತ ಹಿಂದಿನ ಗಾಡಿ ಅದು. ದಿನಾ ಸ್ಕೂಲಿಗೆ ಹೋಗಿ ಬರೋ ಗಾಡಿಗೆ ಡೀಸೆಲ್ ಯಾಕೆ? ಮೈಲೇಜಲ್ಲಿ ಉಳಿದಿದ್ದು ರಿಪೇರಿಗೆ ಹೋಗುತ್ತೆ. ಭಾವನವರಿಗೆ ಬೇಜಾರಾಗ್ದಂಗೆ ಟ್ಯಾಕ್ಸ್ ಮೇಲೆ ತಪ್ಪು ಹಾಕಿ ತಪ್ಪಿಸ್ಕೊಳ್ಳಿ.

ಮಂಗಳೂರಿಂದ:

ಬೆಂಗಳೂರಿನ ಗಾಡಿ ನೋಡ್ಲಿಕ್ಕೆ ಹೋಗುವುದಾದ್ರೂ ಜಾಗ್ರತೆ ಉಂಟು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರೋಡ್ ಕಡೆ ಎಷ್ಟು ಕಾರು ನೀರಲ್ಲಿ ನಿಂತದ್ದು ನೆನಪುಂಟಲ್ಲ. ಸೀಟ್ ಬೆಲ್ಟ್ ಪೂರ್ತಿ ಕೊನೆಯವರೆಗೆ ಎಳೆದು ನೋಡಿ, ಕೆಸರಿನ ಗೆರೆ ಇದ್ರೆ ಅಲ್ಲಿ ಕಾಣ್ತದೆ, ಸ್ಟೆಪ್ನಿ ಇಡುವ ಗುಂಡಿಯಲ್ಲಿಯೂ ತುಕ್ಕು ನೋಡಿ. ಟಯರ್ ಬದಿಯಲ್ಲಿ ನಾಲ್ಕು ಅಂಕೆ ಇರ್ತದೆ, 3521 ಅಂದ್ರೆ 2021ರ 35ನೇ ವಾರದ್ದು. ಗಾಡಿಗೆ ಕಿಲೋಮೀಟರ್ ಕಡಿಮೆ ಅಂತ ಹೇಳಿ ಟಯರ್ ಮಾತ್ರ ಹೊಸತು ಇದ್ರೆ ಎಂತ ಕಥೆ ಅಂತ ಕೇಳಿ. ಹಳದಿ ಬೋರ್ಡ್‌ನಿಂದ ಬಿಳಿ ಬೋರ್ಡ್ ಮಾಡಿದ್ದಾ ಅಂತಲೂ ಕೇಳಿ, ವ್ಯಾಗನ್‌ಆರ್‌ನಲ್ಲಿ ಹಾಗೆ ಮಾಡುವುದು ಉಂಟು.

ಮತ್ತೆ ಇಬ್ಬರು ಓಡಿಸುವ ಗಾಡಿಯಲ್ಲಿ ಡ್ರೈವರ್ ಸೀಟ್ ಎತ್ತರ ಮಾಡ್ಲಿಕ್ಕೆ ಆಗ್ತದಾ ನೋಡಿ ಮಾರಾಯ್ರೆ, ಇದನ್ನು ಯಾರೂ ಹೇಳುವುದಿಲ್ಲ. ನಮ್ಮಲ್ಲಿ ನಾನು ಗಿಡ್ಡ, ಅಣ್ಣನ ಮಗಳು ಉದ್ದ. ಅವಳು ಓಡಿಸಿ ಇಟ್ಟ ಗಾಡಿಯಲ್ಲಿ ನಾನು ಕೂತ್ರೆ ಬಾನೆಟ್ ಕಾಣುವುದಿಲ್ಲ, ಮೂರು ಮಿರರೂ ಆಕಾಶ ನೋಡ್ತಾ ಇರ್ತವೆ. ಸೀಟ್ ಎತ್ತರ ಆಗದಿದ್ರೆ ವ್ಯಾಗನ್‌ಆರ್, ಎಸ್‌ಪ್ರೆಸ್ಸೋ ಥರ ಮೊದಲೇ ಎತ್ತರ ಇರುವ ಗಾಡಿ ತಗೊಳ್ಳಿ, ಬೆನ್ನುನೋವಿನವರಿಗೆ ಇಳಿದು ಹತ್ಲಿಕ್ಕೂ ಸುಲಭ. ಟೆಸ್ಟ್ ಡ್ರೈವಿಗೆ ಮಗನನ್ನೂ ಕರ್ಕೊಂಡು ಹೋಗಿ, ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ಓಡಿಸಿ ನೋಡಿ. ಪೆಟ್ರೋಲಿಗೆ ನಮ್ಮಲ್ಲಿ ಒಂದೇ ರೂಲ್, ಕೀ ಕೊಡುವಾಗ ಕಾಲು ಟ್ಯಾಂಕಿಗಿಂತ ಕೆಳಗೆ ಇರಬಾರದು.

ಮೈಸೂರಿಂದ, ಕೇಳಿದೋರು:

ಸೀಟ್ ಎತ್ತರದ ವಿಷ್ಯ ನನ್ನ ತಲೆಗೇ ಹೊಳೆದಿರ್ಲಿಲ್ಲ, ಮಗ ಆರಡಿ ಹತ್ರ ಇದಾನೆ! ಇಲ್ಲೇ ಕುವೆಂಪುನಗರದಲ್ಲಿ ಒಬ್ಬರು 2022ರ ವ್ಯಾಗನ್‌ಆರ್ 1.0 ಎಎಂಟಿ ಮಾರ್ತಿದಾರೆ, ಸಿಂಗಲ್ ಓನರ್, ನಾಲ್ಕೂ ಎಂಬತ್ತು ಹೇಳ್ತಿದಾರೆ. ಕ್ರ್ಯಾಶ್ ಟೆಸ್ಟ್‌ನಲ್ಲಿ ಒಂದೇ ಸ್ಟಾರ್ ಅನ್ನೋದು ಕೊರೀತಾ ಇದೆ, ಆದ್ರೆ ನಂದು ಊರೊಳಗಿನ ಓಡಾಟ. ಬೆಂಗಳೂರ್ ಹೈವೇಗೆ ಈ ಗಾಡಿ ತಗೊಂಡು ಹೋಗೋ ಹಾಗಿಲ್ಲ ಅಂತ ಮಗನಿಗೆ ಈಗ್ಲೇ ಹೇಳಿದೀನಿ, ಮುಖ ಊದಿಸ್ಕೊಂಡಿದಾನೆ.

ಹುಬ್ಬಳ್ಳಿಯಿಂದ:

ನಾಲ್ಕೂ ಮೂವತ್ತಕ್ಕ ಕೇಳ್ರಿ ಅಕ್ಕಾರ, ನಾಲ್ಕೂವರಿಗೆ ಬರ್ತಾರ. ಮುಂಜಾನೆ ಎಂಜಿನ್ ತಣ್ಣಗಿದ್ದಾಗ ಹೋಗಿ ಸ್ಟಾರ್ಟ್ ಮಾಡಸ್ರಿ, ಏರಿನ ಮ್ಯಾಲ ಒಮ್ಮೆ ಓಡಸ್ರಿ, ಮೊದಲನೇ ಗೇರಿಂದ ಎರಡಕ್ಕ ಹೋಗೂವಾಗ ಜಗ್ಗಿ ಹೊಡದಂಗ ಆದ್ರ ಕ್ಲಚ್ ಖರ್ಚು ಐತಿ ಅಂತ ತಿಳಕೊಂಡು ರೇಟಿನ್ಯಾಗ ಮುರಕೋರಿ. ಟೋಕನ್ ಕೊಡೂ ಮೊದಲ ಗಾಡಿ ಮ್ಯಾಲ ಎಷ್ಟ ದಂಡ ಬಾಕಿ ಅದಾವ ಆನ್‌ಲೈನ್ ಚೆಕ್ ಮಾಡ್ರಿ. ಸಾಲ ಇದ್ರ ಬ್ಯಾಂಕಿನ ಎನ್‌ಒಸಿ ಕೈಯಾಗ ಬರೂತನಕಾ ಪೂರಾ ರೊಕ್ಕಾ ಕೊಡಬ್ಯಾಡ್ರಿ.