ದಾವಣಗೆರೆ–ದುರ್ಗ ದಿನಾ ಓಡಾಟಕ್ಕೆ ಅಡಾಸ್ ಇರುವ ಇವಿ: ಬಳಸಿದವರು ಹೇಳಿ

ಪ್ರಶ್ನೆ:
ನಮಸ್ಕಾರ. ನನಗೆ ಚಿತ್ರದುರ್ಗದ ಕಾಲೇಜಿಗೆ ವರ್ಗ ಆಗಿದೆ. ಮನೆ, ಮಕ್ಕಳ ಶಾಲೆ ಎಲ್ಲಾ ದಾವಣಗೆರೆಯಲ್ಲೇ. ದಿನಾ ಹೋಗಿಬಂದರೆ ಸುಮಾರು 125 ಕಿ.ಮೀ. ಆಗುತ್ತೆ. ಬಲ ಮೊಣಕಾಲು ನೋವಿದೆ. ಅದಕ್ಕೇ ಮುಂದಿನ ಗಾಡಿ ನೋಡಿಕೊಂಡು ತಾನೇ ವೇಗ ಹೊಂದಿಸಿಕೊಳ್ಳುವ ಕ್ರೂಸ್, ಲೇನ್ ಬಿಟ್ಟು ಹೋಗದಂತೆ ಸ್ಟೀರಿಂಗ್ ತಿದ್ದುವ ಲೇನ್ ಅಸಿಸ್ಟ್ (ಇಂಥ ಚಾಲಕ ನೆರವಿನ ಸೌಲಭ್ಯಗಳಿಗೇ ಅಡಾಸ್ ಅನ್ನುತ್ತಾರೆ) ಇರುವ ಎಲೆಕ್ಟ್ರಿಕ್ ಕಾರು ನೋಡುತ್ತಿದ್ದೇನೆ. ನಮ್ಮ ಹೈವೇಯಲ್ಲಿ ಅದು ನಿಜವಾಗಿ ಉಪಯೋಗಕ್ಕೆ ಬರುತ್ತಾ? ಚಾರ್ಜ್ ಸಾಕಾಗುತ್ತಾ?

ಉತ್ತರ (ದಾವಣಗೆರೆ, ವಿದ್ಯಾನಗರ):
ಮೇಡಂ, ಒಂದೂವರೆ ವರ್ಷದಿಂದ ಇದೇ ದಾರಿಯಲ್ಲಿ ಓಡಾಡುತ್ತಿದ್ದೇನೆ. ಮೊದಲು ಮೊಣಕಾಲಿನ ವಿಷಯ. ಆರಾಮ ಖಂಡಿತ ಸಿಗುತ್ತೆ. ಊರು ದಾಟಿ ಹೈವೇ ಹತ್ತಿ 85ಕ್ಕೆ ಕ್ರೂಸ್ ಹಾಕಿದರೆ ಹೆಬ್ಬಾಳು ಟೋಲ್ ತನಕ ಕಾಲಿಗೆ ಹೆಚ್ಚು ಕೆಲಸ ಇರಲ್ಲ. ಲಾರಿ ಸಿಕ್ಕರೆ ಕಾರೇ ನಿಧಾನ ಆಗುತ್ತೆ, ಅದು ಪಕ್ಕಕ್ಕೆ ಸರಿದರೆ ಮತ್ತೆ ವೇಗ ಹಿಡಿಯುತ್ತೆ. ಪೇಟೆಯೊಳಗೆ ರೀಜೆನ್ (ಆಕ್ಸಿಲರೇಟರ್ ಬಿಟ್ಟರೆ ಕಾರೇ ನಿಧಾನ ಆಗಿ ಬ್ಯಾಟರಿಗೆ ಚಾರ್ಜ್ ವಾಪಸ್ ಕೊಡುವುದು) ಜಾಸ್ತಿ ಇಟ್ಟುಕೊಳ್ಳಿ, ಬ್ರೇಕ್ ಒತ್ತುವುದು ಅರ್ಧಕ್ಕರ್ಧ ಕಡಿಮೆ ಆಗುತ್ತೆ. ಮೊದಲೆಲ್ಲ ಸಂಜೆ ಬಂದವನೇ ಮಂಚಕ್ಕೆ ಒರಗುತ್ತಿದ್ದೆ. ಈಗ ಮಗಳ ಜೊತೆ ವಾಕಿಂಗ್ ಹೋಗುತ್ತೇನೆ.

ಆದರೆ ಒಂದು ಘಟನೆ ಹೇಳಲೇಬೇಕು. ಭರಮಸಾಗರದ ಹತ್ತಿರ, ಸಂಜೆ ಆರೂವರೆ. ಕ್ರೂಸ್‌ನಲ್ಲಿ ಬರುತ್ತಿದ್ದೆ. ಮುಂದಿದ್ದ ಕಾರು ಇದ್ದಕ್ಕಿದ್ದಂತೆ ಬಲಕ್ಕೆ ಹೊರಳಿತು. ಅದರಾಚೆ ಕೆಟ್ಟು ನಿಂತ ಲಾರಿ. ಹಿಂದೆ ನಾಲ್ಕು ಕಲ್ಲು, ಒಂದು ಬೇವಿನ ಟೊಂಗೆ, ಅಷ್ಟೇ. ಲೈಟ್ ಇಲ್ಲ. ಮುಂದಿನ ಕಾರು ಸರಿಯಿತಲ್ಲ, ನನ್ನ ಕಾರಿಗೆ ದಾರಿ ಖಾಲಿ ಅನ್ನಿಸಿರಬೇಕು, ವೇಗ ಏರಿಸೋಕೆ ಶುರು ಮಾಡಿತು. ನಾನೇ ಬ್ರೇಕ್ ತುಳಿದೆ. ಲಾರಿಗೂ ನನಗೂ ನಡುವೆ ಒಂದು ಕಾರು ನಿಲ್ಲುವಷ್ಟು ಜಾಗ ಉಳಿದಿತ್ತು. ಕೈ ನಡುಗುತ್ತಿತ್ತು.

ಆ ರಾತ್ರಿ ಕೂತು ಮ್ಯಾನ್ಯುಯಲ್ ಓದಿದೆ. ನಿಂತಿರುವ ವಾಹನವನ್ನು ಕ್ರೂಸ್ ಗುರುತಿಸದೇ ಇರಬಹುದು ಅಂತ ಸ್ಪಷ್ಟವಾಗಿ ಬರೆದಿದೆ. ಕಾರಣ ಇದೆ. ರಸ್ತೆ ಬದಿಯ ಬೋರ್ಡು, ಕಂಬ, ಸೇತುವೆ ಎಲ್ಲವೂ ರೇಡಾರ್‌ಗೆ ನಿಂತ ವಸ್ತುಗಳೇ. ಅವಕ್ಕೆಲ್ಲ ಬ್ರೇಕ್ ಹಾಕುತ್ತಾ ಹೋದರೆ ಕಾರು ಓಡೋದೇ ಇಲ್ಲ. ಹಾಗಾಗಿ ವೇಗದಲ್ಲಿರುವಾಗ ಅಂಥದ್ದನ್ನು ಎಷ್ಟೋ ಸಲ ಬಿಟ್ಟುಬಿಡುತ್ತೆ. ಈಗ ಸಿಗುವ ಇವೆಲ್ಲ ಲೆವೆಲ್ 2 ವ್ಯವಸ್ಥೆಗಳು, ಅಂದರೆ ಓಡಿಸುವ ಜವಾಬ್ದಾರಿ ಪೂರ್ತಿ ನಮ್ಮದೇ. ಅವತ್ತಿನಿಂದ ಮುಂದಿನ ಗಾಡಿಗೆ ಅಂತರ ಪೂರ್ತಿ ಜಾಸ್ತಿ ಇಟ್ಟಿದ್ದೇನೆ. ನಡುವೆ ಯಾರಾದರೂ ನುಗ್ಗುತ್ತಾರೆ, ನುಗ್ಗಲಿ. ಕತ್ತಲಾದ ಮೇಲೆ, ಜೋರು ಮಳೆಯಲ್ಲಿ ಕ್ರೂಸ್ ಹಾಕಲ್ಲ.

ಚಾರ್ಜ್ ಬಗ್ಗೆ ಚಿಂತೆ ಬೇಡ. ನನ್ನದು 50 ಯೂನಿಟ್ ಆಸುಪಾಸಿನ ಬ್ಯಾಟರಿ. 100 ಕಿ.ಮೀ.ಗೆ 15-16 ಯೂನಿಟ್ ಬೇಕು, ದಿನಕ್ಕೆ 20. ಮನೆಯ ದೊಡ್ಡ ಪ್ಲಗ್‌ನಲ್ಲಿ 3.3 ಕಿಲೋವ್ಯಾಟ್ ಚಾರ್ಜರ್ ಹಾಕಿ ಮಲಗಿದರೆ ಬೆಳಗಾಗುವಷ್ಟರಲ್ಲಿ ತುಂಬಿರುತ್ತೆ. ಆ ಪ್ಲಗ್‌ಗೆ ಬೇರೆ ವೈರ್ ಎಳೆಸಿ, ಅರ್ತಿಂಗ್ ನೋಡಿಸಿ. ಇದರಲ್ಲಿ ಉಳಿತಾಯ ಮಾಡಬೇಡಿ.

ಉತ್ತರ (ಚಿತ್ರದುರ್ಗ):
ನಾನು ಉಲ್ಟಾ, ದುರ್ಗದಿಂದ ದಾವಣಗೆರೆಗೆ ಬರುವವನು. ಮೇಲಿನವರು ಗಾಳಿಯ ಬಗ್ಗೆ ಹೇಳಿಲ್ಲ. ಗುಡ್ಡದ ಮೇಲೆ ಅಷ್ಟು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ವಾ. ಆಷಾಢದಲ್ಲಿ ಪಡುವಣ ಗಾಳಿ ದಾವಣಗೆರೆ ಕಡೆ ಹೋಗುವಾಗ ಎದುರಿಗೇ ಹೊಡೆಯುತ್ತೆ. 100 ಕಿ.ಮೀ.ಗೆ 18 ಯೂನಿಟ್ ತನಕ ಹೋಗಿದ್ದು ನೋಡಿದ್ದೇನೆ. ದುರ್ಗ ನೂರು ಮೀಟರಿಗಿಂತ ಜಾಸ್ತಿ ಎತ್ತರದಲ್ಲಿದೆ, ಆದರೂ ಆ ತಿಂಗಳಲ್ಲಿ ಇಳಿಜಾರಿನ ಲಾಭ ಕೈಗೆ ಹತ್ತಲ್ಲ. ನಿಮಗೆ ಇದು ಸಂಜೆ ಸಿಗುತ್ತೆ.

ಇನ್ನೊಂದು, ಲೇನ್ ಅಸಿಸ್ಟ್. ಸುಗ್ಗಿಯಲ್ಲಿ ಸರ್ವಿಸ್ ರಸ್ತೆ ತುಂಬ ಮೆಕ್ಕೆಜೋಳ ಒಣಹಾಕಿರುತ್ತಾರೆ. ಬೈಕು, ಟ್ರ್ಯಾಕ್ಟರು ಹೈವೇಗೇ ಬರುತ್ತವೆ, ಕೆಲವು ಎದುರಿನಿಂದಲೇ. ತಪ್ಪಿಸೋಕೆ ನೀವು ಬಲಕ್ಕೆ ಎಳೆದರೆ ಸ್ಟೀರಿಂಗ್ ವಾಪಸ್ ಎಡಕ್ಕೆ ತಳ್ಳುತ್ತೆ. ಇಂಡಿಕೇಟರ್ ಹಾಕಿದರೆ ಬಿಟ್ಟುಕೊಡುತ್ತೆ. ನಾನು ಆ ಎರಡು ತಿಂಗಳು ಲೇನ್ ಅಸಿಸ್ಟ್ ಆಫ್ ಮಾಡಿಬಿಡುತ್ತೇನೆ.

ಉತ್ತರ (ದಾವಣಗೆರೆ):
ಅಕ್ಕಾ, ಕರೆಂಟ್ ಬಿಲ್ ಲೆಕ್ಕ ಮರೆಯಬೇಡಿ. ತಿಂಗಳಿಗೆ 25 ದಿನ ಅಂದರೂ ಕಾರಿಗೇ 500 ಯೂನಿಟ್ ದಾಟುತ್ತೆ. ಗೃಹಜ್ಯೋತಿ ಮಿತಿ 200 ಯೂನಿಟ್. ಅದು ಮೀರಿದರೆ ಮನೆ ಬಿಲ್ಲನ್ನೂ ಪೂರ್ತಿ ಕಟ್ಟಬೇಕು. ನಮಗೆ ಮೊದಲ ತಿಂಗಳೇ ಹಾಗಾಯಿತು. ಎಲೆಕ್ಟ್ರಿಕ್ ವಾಹನಕ್ಕೆ ಬೇರೆ ದರ ಇದೆ. ಕಾರು ಬುಕ್ ಮಾಡುವ ಮುಂಚೆಯೇ ಬೆಸ್ಕಾಂಗೆ ಹೋಗಿ ಬೇರೆ ಮೀಟರ್ ಕೇಳಿ.

ಭಾನುವಾರ ಬೆಳಿಗ್ಗೆ ಬಿಡುವಿದ್ದರೆ ನಮ್ಮ ಕಾರಿನಲ್ಲೇ ದುರ್ಗದ ತನಕ ಹೋಗಿಬರೋಣ. ನೀವೇ ಓಡಿಸಿ, ಮೊಣಕಾಲು ಏನನ್ನುತ್ತೆ ನೋಡಿ.